ಬಿಳಿಯ ಕೋಲಿನ ಎರಡು ಜನ್ಮ

ಅಂಧರ ಕೈಯಲ್ಲಿ ಕೋಲು ಇಂದು ನಿನ್ನೆಯದಲ್ಲ. ಅದು ಬಿಳಿಯದಾದುದು ಮಾತ್ರ ಈಚೆಗೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡರು. ಮನೆಯ ಸುತ್ತಣ ರಸ್ತೆಗಳಲ್ಲಿ ಮೋಟಾರುಗಳ ಭಯ. 1921ರಲ್ಲಿ ಅವರು ತಮ್ಮ ಊರುಗೋಲಿಗೆ ಬಿಳಿಯ ಬಣ್ಣ ಬಳಿದರು. 1931ರಲ್ಲಿ ಪ್ಯಾರಿಸ್ಸಿನ ಗಿಯಿ ದೆರ್ಬ್‌ಮೋಂ ಎಂಬ ಮಹಿಳೆ ಇಂಥ ಕೋಲುಗಳನ್ನು ಅಂಧರಿಗೆ ಹಂಚತೊಡಗಿದರು. ಆದರೆ ಆ ಬಣ್ಣವಿದ್ದುದು ಕಣ್ಣುಳ್ಳವರಿಗಾಗಿ. ಹಿಡಿದವರಿಗೆ ಅದು ಕಾಣದು. ‘ನನ್ನನ್ನು ಕಂಡು ದಾರಿ ಬಿಡಿ’ ಎಂಬ ಬಿನ್ನಹವಷ್ಟೇ ಅದರಲ್ಲಿತ್ತು.

ಕೋಲು ಎರಡನೆಯ ಜನ್ಮವೆತ್ತಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಗೆ ಕಣ್ಣು ಕಳೆದುಕೊಂಡ ತರುಣ ಯೋಧರು ಬಂದರು. ಹಿಂದೆ ಅಂಧಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ರಿಚರ್ಡ್ ಹೂವರ್ ಅಲ್ಲಿ 1944ರ ಸುಮಾರಿಗೆ ಹಗುರವಾದ, ಎದೆಯೆತ್ತರದ ಕೋಲನ್ನು ರೂಢಿಗೆ ತಂದರು. ಮೈಭಾರ ಹೊರುವುದು ಅದರ ಕೆಲಸವಲ್ಲ. ನಡಿಗೆಯ ಲಯಕ್ಕೆ ಎಡಬಲ ತೂಗುತ್ತ, ಮುಂದಿನ ಹೆಜ್ಜೆ ಬೀಳುವ ನೆಲವನ್ನು ಅದು ಮೊದಲೇ ಮುಟ್ಟಿ ನೋಡುತ್ತದೆ. ಹಳ್ಳ, ಮೆಟ್ಟಿಲು, ಕಂಬಗಳು ಅಂಗೈಗೂ ಕಿವಿಗೂ ತಿಳಿಯುತ್ತವೆ.

ತಲೆಯ ಮಟ್ಟಕ್ಕೆ ಬಾಗಿದ ಕೊಂಬೆಯನ್ನು ಮಾತ್ರ ಈ ಕೋಲು ಅರಿಯದು. ದೆಹಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ‘ಸ್ಮಾರ್ಟ್‌ಕೇನ್’ ಆ ಕೊರತೆಯನ್ನು ನೀಗಲು ಹೊರಟಿತು. ಕೋಲಿನ ಹಿಡಿಗೆ ಜೋಡಿಸಿದ ಈ ಸಾಧನ ಕಿವಿಗೆ ಕೇಳದ ಶಬ್ದತರಂಗಗಳನ್ನು ಹೊಮ್ಮಿಸಿ, ಅವುಗಳ ಮರುದನಿಯನ್ನು ಕಂಪನವಾಗಿ ಕೈಗೆ ತಿಳಿಸುತ್ತದೆ.

ಅನ್ಯರ ದಯೆ ಬೇಡಲು ಹುಟ್ಟಿದ ಕೋಲು ಹೀಗೆ ದಾರಿಯನ್ನರಿಯುವ ಇಂದ್ರಿಯವೇ ಆಯಿತು. ಆದರೂ ಬಿಳಿಯ ಬಣ್ಣ ಉಳಿದಿದೆ. ಕಾಲುದಾರಿಗೆ ಅಡ್ಡವಾಗಿ ವಾಹನ ನಿಲ್ಲಿಸುವ ನಮಗೆ ಅದರ ಮೊದಲ ಬಿನ್ನಹ ಇನ್ನೂ ತಲುಪಬೇಕಾಗಿದೆ.