ಅಜ್ಜಿಯ ಆರು 'ನಾಟಿ' ಕೋಳಿಗಳ ಅಸಲಿ ಜಾತಕ

ಭಾಗ 1
ಮೊದಲು ಫೋಟೋ ನೋಡಿ. ಆರು ಯಾಟೆ, ಆರೂ ಇಟ್ಟಿಗೆ ಬಣ್ಣ. ಹೋದ ವರ್ಷ ನಮ್ಮೂರಿಗೆ ಟೆಂಪೋದಲ್ಲಿ ಬಂದವನ ಹತ್ತಿರ ಅಜ್ಜಿ ತಗೊಂಡಿದ್ದು. "ಪಕ್ಕಾ ನಾಟಿ ಅಮ್ಮಾ, ಇನ್ನು ಹದಿನೈದು ದಿನಕ್ಕೆ ಮೊಟ್ಟೆಗೆ ಬರ್ತವೆ" ಅಂದನಂತೆ. ದುಡ್ಡು ಸಂಘದ ಸಾಲದ್ದು. ಅಜ್ಜಿ ಲೆಕ್ಕ ಸರಳ: ಮೊಟ್ಟೆ ಇಡ್ತವೆ, ಕಾವಿಗೆ ಕೂರ್ತವೆ, ಮರಿ ಮಾಡ್ತವೆ, ಯುಗಾದಿ ಹೊತ್ತಿಗೆ ಆರು ಹೋಗಿ ಐವತ್ತು.

ನಾನು ಹಾಸ್ಟೆಲಿಂದ ಬಂದು ನೋಡಿದ ತಕ್ಷಣ ಏನೋ ಸರಿ ಇಲ್ಲ ಅನ್ನಿಸ್ತು. ಆರೂ ಜೆರಾಕ್ಸ್ ತೆಗೆದಂಗಿದ್ವು. ನಮ್ಮ ಕಡೆ ನಾಟಿ ಅನ್ನಿ, ಉತ್ತರದವರು ಜವಾರಿ ಅನ್ನಿ, ಒಂದೇ ತಾಯಿಯ ಮರಿಗಳೂ ಒಂದರ ಹಾಗೆ ಒಂದು ಇರಲ್ಲ. ಒಂದು ಕರೀದು, ಒಂದು ಚುಕ್ಕೆ, ಒಂದಕ್ಕೆ ಕತ್ತು ಬೋಳು. ಇವಕ್ಕೆ ಕೊಕ್ಕಿನ ತುದಿ ಬೇರೆ ಕತ್ತರಿಸಿತ್ತು. ಕೊಟ್ಟಿಗೆಯಲ್ಲಿ ಬೆಳೆದ ಕೋಳಿಗೆ ಯಾರು ಕೊಕ್ಕು ಕತ್ತರಿಸ್ತಾರೆ? ಅದು ಸಾವಿರಗಟ್ಟಲೆ ಕೋಳಿ ಒಟ್ಟಿಗೆ ಸಾಕೋ ಫಾರಂನವರು, ಒಂದನ್ನೊಂದು ಕುಕ್ಕಿ ಗಾಯ ಮಾಡದಿರಲಿ ಅಂತ ಮಾಡೋ ಕೆಲಸ.

ಹಾಗಾದ್ರೆ ಇವು ಯಾವ ತಳಿ? ಹುಡುಕೋಕೆ ಹೊರಟವನು ಎರಡು ಶತಮಾನ ಹಿಂದಕ್ಕೆ ಹೋಗಿ ಬಿದ್ದೆ.

ಭಾಗ 2
ಕೋಳಿಗೆ ಸುಳ್ಳು ಹೆಸರಿಟ್ಟು ಮಾರೋದು ನಮ್ಮ ಟೆಂಪೋದವನ ಸಂಶೋಧನೆ ಏನಲ್ಲ. 1849ರ ನವೆಂಬರಲ್ಲಿ ಅಮೆರಿಕದ ಬಾಸ್ಟನ್ನಲ್ಲಿ ದೊಡ್ಡ ಕೋಳಿ ಪ್ರದರ್ಶನ ಆಯ್ತು. ಚೀನಾದ ಬಂದರುಗಳಿಂದ ಹಡಗಲ್ಲಿ ಬಂದ ದೈತ್ಯ ಕೋಳಿಗಳನ್ನ ನೋಡಿ ಜನಕ್ಕೆ ಹುಚ್ಚು ಹಿಡೀತು. ಆ ಕಾಲಕ್ಕೆ 'ಕೋಳಿ ಜ್ವರ' ಅಂತಾನೇ ಹೆಸರು. ಜಾರ್ಜ್ ಬರ್ನ್‌ಹ್ಯಾಮ್ ಅನ್ನೋ ವ್ಯಾಪಾರಿ 1852ರಲ್ಲಿ ವಿಕ್ಟೋರಿಯಾ ರಾಣಿಗೇ ಕೋಳಿ ಉಡುಗೊರೆ ಕಳಿಸಿ ಪುಕ್ಕಟೆ ಪ್ರಚಾರ ಹೊಡ್ಕೊಂಡ. ಆಮೇಲೆ 1855ರಲ್ಲಿ ಆ ಜ್ವರದ ಬಗ್ಗೆ ಅವನೇ ಪುಸ್ತಕ ಬರೆದು, ದುಡ್ಡು ಸುರಿದವರನ್ನೆಲ್ಲಾ ಗೇಲಿ ಮಾಡಿದ. ಧೈರ್ಯ ನೋಡಿ!

ಅದೇ ಜ್ವರದಲ್ಲಿ ಹುಟ್ಟಿದ ಹೆಸರು 'ಬ್ರಹ್ಮ' ಕೋಳಿ. ಬ್ರಹ್ಮಪುತ್ರ ನದಿಯ ಹೆಸರು ಮೊಟಕಾಗಿ ಹಾಗಾಯ್ತು. ಹಕ್ಕಿಯ ಮೂಲ ಹೆಚ್ಚಾಗಿ ಶಾಂಘೈ ಕಡೆಯದು, ಹೆಸರು ಮಾತ್ರ ನಮ್ಮ ನದಿಯದು. ಈ ಗೊಂದಲ ತಡೆಯೋಕೇ 1865ರಲ್ಲಿ ಬ್ರಿಟನ್ನಲ್ಲಿ, 1874ರಲ್ಲಿ ಅಮೆರಿಕದಲ್ಲಿ ತಳಿ ಲಕ್ಷಣಗಳ ಪುಸ್ತಕ ಬಂತು. ಜುಟ್ಟು ಹೇಗಿರಬೇಕು, ಕಿವಿಯ ಹಾಲೆ ಯಾವ ಬಣ್ಣ, ಕಾಲು ಯಾವ ಬಣ್ಣ, ಎಲ್ಲಾ ಬರವಣಿಗೆಯಲ್ಲಿ.

ನಾನೂ ಅದೇ ದಾರಿ ಹಿಡಿದೆ. ಒಂದೊಂದೇ ಯಾಟೆ ಹಿಡಿದು ನೋಡಿದೆ (ಅಜ್ಜಿ ಬೈತಾನೇ ಇದ್ರು). ಜುಟ್ಟು ಒಂಟಿ ಸಾಲಿನ ಗರಗಸ. ಕಿವಿ ಹಾಲೆ ಕೆಂಪು. ಬಿಳಿ ಹಾಲೆಯ ಲೆಗ್‌ಹಾರ್ನ್ ಬಿಳಿ ಮೊಟ್ಟೆ ಇಡುತ್ತೆ, ಕೆಂಪು ಹಾಲೆಯವು ಸಾಮಾನ್ಯವಾಗಿ ಕಂದು ಮೊಟ್ಟೆ. ಇದಕ್ಕೆ ಅಪವಾದಗಳಿವೆ, ಆದ್ರೂ ಮೊದಲ ಸುಳಿವಿಗೆ ಸಾಕು. ಗರಿ ಬಿಡಿಸಿದ್ರೆ ಬುಡ ಬಿಳಿ. ಕಾಲು ಅರಿಶಿನ ಹಳದಿ.

ಭಾಗ 3
ಆ ಹಳದಿ ಕಾಲಿನ ಕಥೆ ನನಗೆ ತುಂಬಾ ಇಷ್ಟ ಆಯ್ತು, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ.

ಊರಕೋಳಿಗಳೆಲ್ಲಾ ಕೆಂಪು ಕಾಡುಕೋಳಿಯಿಂದಲೇ ಬಂದವು ಅಂತ ಡಾರ್ವಿನ್ 1868ರ ಪುಸ್ತಕದಲ್ಲಿ ಬರೆದಿದ್ದ. ಮೂಲ ಅದೇ ಹೌದು. ಆದ್ರೆ ಕೆಂಪು ಕಾಡುಕೋಳಿಯ ಚರ್ಮ ಹಳದಿ ಅಲ್ಲ. ಹಾಗಾದ್ರೆ ಲಕ್ಷಾಂತರ ಫಾರಂ ಕೋಳಿಗಳಿಗೆ ಹಳದಿ ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳ ತಂಡ ಜೀನ್ ಹೋಲಿಸಿ ನೋಡಿದಾಗ, ಹಳದಿ ಚರ್ಮದ ಜೀನ್ ಹೆಚ್ಚೂಕಮ್ಮಿ ಬೂದು ಕಾಡುಕೋಳಿಯದು ಅಂತ ಗೊತ್ತಾಯ್ತು. ಅದು ಎಲ್ಲಿರೋದು ಗೊತ್ತಾ? ನಮ್ಮ ಪಶ್ಚಿಮ ಘಟ್ಟದಲ್ಲಿ! ಬಂಡೀಪುರ, ನಾಗರಹೊಳೆ ರಸ್ತೆಯಲ್ಲಿ ಬೆಳಗ್ಗೆ ಹೋದವರು ಅದನ್ನ ನೋಡಿರ್ತೀರಿ, ಪೊದೆಯಿಂದ ಪೊದೆಗೆ ಓಡೋ ಬೂದು ಹುಂಜ. ಎಂದೋ ಒಂದು ಕಾಲದಲ್ಲಿ ಅದು ಊರಕೋಳಿ ಜೊತೆ ಕೂಡಿತ್ತು. ಇಟಲಿಯ ಲಿವೋರ್ನೊ ಬಂದರಿನ ಹೆಸರು ಹೊತ್ತ ಲೆಗ್‌ಹಾರ್ನ್ ಕಾಲಲ್ಲೂ ಆ ಹಳದಿ ಇದೆ.

ಇನ್ನೊಂದು ಮಾತು. ಹಳದಿ ಕಾಲಿನ ಯಾಟೆ ಮೊಟ್ಟೆ ಇಡ್ತಾ ಇಡ್ತಾ ಆ ಬಣ್ಣ ಹಳದಿ ಭಂಡಾರಕ್ಕೆ ಹೋಗಿ, ತಿಂಗಳುಗಳಲ್ಲಿ ಕಾಲು ಬಿಳಿಚಿಕೊಳ್ಳುತ್ತೆ. ಫಾರಂನಲ್ಲಿ ವರ್ಷಕ್ಕಿಂತ ಹೆಚ್ಚು ಮೊಟ್ಟೆ ಇಟ್ಟು ಹೊರಬಿದ್ದ ಕೋಳಿಯನ್ನ 'ಹರೆಯದ್ದು' ಅಂತ ಮಾರಿದ್ರೆ ಕಾಲು ನೋಡಿ ಅನುಮಾನ ಪಡಬಹುದು. ನಮ್ಮವು ಗಾಢ ಹಳದಿ, ಜುಟ್ಟು ಇನ್ನೂ ಚಿಕ್ಕದು, ಈಗಷ್ಟೇ ಕೆಂಪಾಗ್ತಿತ್ತು. ವಯಸ್ಸಿನ ವಿಷಯದಲ್ಲಿ ಟೆಂಪೋದವನು ಸುಳ್ಳು ಹೇಳಿರಲಿಲ್ಲ.

ಭಾಗ 4
ಇನ್ನು ಆ ಕೆಂಪು. ಇದರ ಮುತ್ತಾತ ರೋಡ್ ಐಲ್ಯಾಂಡ್ ರೆಡ್. ಅಮೆರಿಕದ ಸಣ್ಣ ರಾಜ್ಯ ರೋಡ್ ಐಲ್ಯಾಂಡಿನ ರೈತರು 19ನೇ ಶತಮಾನದಲ್ಲಿ ಏಷ್ಯಾದ ಮಲಯ, ಶಾಂಘೈ ಹುಂಜಗಳನ್ನ ತಮ್ಮ ಊರಕೋಳಿಗಳಿಗೆ ಬಿಟ್ಟು ಮಾಡಿದ ತಳಿ. 1954ರಲ್ಲಿ ಅದು ಅಲ್ಲಿನ ರಾಜ್ಯಪಕ್ಷಿಯೂ ಆಯ್ತು. ಕೋಳಿ ರಾಜ್ಯಪಕ್ಷಿ! ನಮ್ಮದು ನೀಲಕಂಠ, ಬಚಾವ್.

ಆದ್ರೆ ನಮ್ಮ ಆರೂ ಶುದ್ಧ ರೆಡ್ ಅಲ್ಲ, ಅದಾಗಿದ್ರೆ ಗರಿಯ ಬುಡದಲ್ಲಿ ಅಷ್ಟು ಬಿಳಿ ಇರ್ತಿರಲಿಲ್ಲ. ಇಲ್ಲಿ ಸೆಕೆಂಡ್ ಪಿಯುಸಿ ಬಯಾಲಜಿ ನೆನಪಿಸಿಕೊಳ್ಳಿ. ಪನ್ನೆಟ್ ಚೌಕ ಬರೆದು ಬರೆದು ಕೈ ನೋವಾಯ್ತಲ್ಲ, ಆ ಪನ್ನೆಟ್ ಕೋಳಿ ಮೇಲೆ ಕೆಲಸ ಮಾಡಿದ ಮನುಷ್ಯ. ಅವನ ಹಿರಿಯ ಬೇಟ್ಸನ್, ಮೆಂಡಲ್ ನಿಯಮ ಪ್ರಾಣಿಗಳಿಗೂ ಅನ್ವಯ ಆಗುತ್ತೆ ಅಂತ 1902ರಲ್ಲಿ ತೋರಿಸಿದ್ದು ಕೋಳಿ ಜುಟ್ಟಿನಲ್ಲೇ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಲ್ಲಿ ಕಾಳಿನ ಅಭಾವ. ಬೇಡದ ಹುಂಜ ಮರಿಗಳಿಗೆ ಮೇವು ಹಾಕೋದ್ಯಾಕೆ, ಹುಟ್ಟಿದ ದಿನವೇ ಬಣ್ಣ ನೋಡಿ ಬೇರೆ ಮಾಡೋಣ ಅಂತ ಪನ್ನೆಟ್ ಹೇಳಿದ.

ಅದು ಹೀಗೆ. ಕೋಳಿಯಲ್ಲಿ ಹುಂಜಕ್ಕೆ ಎರಡು ಝಡ್ ಕ್ರೋಮೋಸೋಮ್, ಯಾಟೆಗೆ ಒಂದೇ. 'ಬೆಳ್ಳಿ' ಮತ್ತು 'ಚಿನ್ನ' ಬಣ್ಣದ ಜೀನ್ ಆ ಝಡ್ ಮೇಲೆ ಕೂತಿದೆ, ಬೆಳ್ಳಿ ಪ್ರಬಲ. ಕೆಂಪು ಹುಂಜಕ್ಕೆ ಬೆಳ್ಳಿ ಯಾಟೆ ಕೂಡಿಸಿದ್ರೆ ಹೆಣ್ಣು ಮರಿಗೆ ಅಪ್ಪನ ಝಡ್ ಮಾತ್ರ, ಅದು ಕಂದು. ಗಂಡು ಮರಿಗೆ ಅಮ್ಮನ ಬೆಳ್ಳಿಯೂ ಬರುತ್ತೆ, ಅದು ತಿಳಿ ಹಳದಿ. ಮೊಟ್ಟೆಯೊಡೆದ ದಿನವೇ ಎರಡು ಬುಟ್ಟಿ. ಕಂದು ಬುಟ್ಟಿ ಫಾರಂಗೆ. ತಿಳಿ ಬುಟ್ಟಿ ಏನಾಗುತ್ತೆ ಅಂತ ಅಜ್ಜಿಗೆ ಹೇಳಲಿಲ್ಲ. ಬಹುಪಾಲು ಅವತ್ತೇ ಸಾಯಿಸ್ತಾರೆ.

ಜಗತ್ತಿನಾದ್ಯಂತ ಕಂದು ಮೊಟ್ಟೆ ಇಡೋ ಫಾರಂ ಕೋಳಿಗಳು ಹೆಚ್ಚಾಗಿ ಇದೇ ಲೆಕ್ಕದ ಮಕ್ಕಳು. ನಮ್ಮ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಇರಬಹುದಾ ಅಂತಲೂ ಯೋಚಿಸಿದ್ದೆ. ಆದ್ರೆ ಅದು ಮೈಕೈ ತುಂಬಿದ ಕೋಳಿ, ಬಣ್ಣದಲ್ಲೂ ಒಂದರಂತೆ ಒಂದಿಲ್ಲ. ಇವು ಸಣಕಲು, ಒಂದೇ ಅಚ್ಚು.

ಭಾಗ 5
ಅಜ್ಜಿಗೆ ಹೇಳೋದು ಹೇಗೆ? ಹೇಳಿದೆ. "ಇವು ಕಾವಿಗೆ ಕೂರಲ್ಲ ಅಜ್ಜಿ. ಕೂತ್ರೆ ಮೊಟ್ಟೆ ನಿಲ್ಲುತ್ತೆ ಅಂತ, ಕೂರದಿರೋದನ್ನೇ ತಲೆತಲಾಂತರದಿಂದ ಆರಿಸಿದ್ದಾರೆ." ಅಜ್ಜಿ ನಂಬಲಿಲ್ಲ. ಹದಿನೈದು ದಿನ ಅಂದಿದ್ದು ಇಪ್ಪತ್ತೆರಡಕ್ಕೆ ಮೊಟ್ಟೆ ಶುರು ಆಯ್ತು, ಹೆಚ್ಚೂಕಮ್ಮಿ ದಿನಾ ಐದು. ಕಂದು ಬಣ್ಣ ನೋಡಿ ಪಕ್ಕದ ಬೀದಿಯವರು "ನಾಟಿ ಮೊಟ್ಟೆ ಕೊಡಿ" ಅಂತ ಬಂದ್ರು. ಅಜ್ಜಿ "ನಾಟಿ ಅಲ್ಲವಂತೆ ಕಣ್ರಪ್ಪಾ, ಮೊಮ್ಮಗ ಹೇಳ್ತಾನೆ" ಅಂದು ಅಂಗಡಿ ರೇಟಿಗೇ ಕೊಟ್ರು. ಸಂಘದ ಕಂತು ಅದರಲ್ಲೇ ಹೋಯ್ತು.

ಎರಡು ತಿಂಗಳು ಕಾದ್ರು, ಒಂದೂ ಕೂರಲಿಲ್ಲ. ಕೊನೆಗೆ ಎದುರು ಮನೆ ಅತ್ತೆಯ ಕರಿ ನಾಟಿ ಯಾಟೆಯನ್ನ ಕೇಳಿ ತಂದು, ಅದರ ಕೆಳಗೆ ಈ ಕಂದು ಮೊಟ್ಟೆ ಹನ್ನೊಂದು ಇಟ್ರು. ಹುಂಜವೂ ಅವರದ್ದೇ, ಮೊದಲಿಂದ ನಮ್ಮ ತಿಪ್ಪೆಗೇ ಬರ್ತಿದ್ದದ್ದು. ಇಪ್ಪತ್ತೊಂದನೇ ದಿನ ಎಂಟು ಮರಿ ಆದ್ವು. ಕೊನೇ ಫೋಟೋ ಅದೇ: ಎರಡು ಕಂದು, ಒಂದು ಪೂರ್ತಿ ಕಪ್ಪು, ಮೂರಕ್ಕೆ ಬೆನ್ನ ಮೇಲೆ ಗೆರೆ, ಇನ್ನೆರಡರ ಬಣ್ಣಕ್ಕೆ ನನಗೆ ಹೆಸರು ಗೊತ್ತಿಲ್ಲ.