ನರಗಳ ನೆನಪೂ ಉಸಿರಿನ ಅಳತೆಯೂ

ಕತ್ತು ಹಿಡಿದುಕೊಂಡಾಗಲಾಗಲಿ ಸೊಂಟ ಉಳುಕಿದಾಗಲಾಗಲಿ, ಭೀಮನಬೀಡಿನಂಥ ಗ್ರಾಮಗಳಲ್ಲಿ ಹಿಂದಿನವರಿಗೆ ಮೊದಲು ನೆನಪಾಗುತ್ತಿದ್ದವರು ಉಳುಕು ತೆಗೆಯುವವರು. ಗುಂಡ್ಲುಪೇಟೆಯ ವೈದ್ಯರ ನೆನಪು ಆಮೇಲಿನದು. ಬೆಚ್ಚಗಿನ ಎಣ್ಣೆಯನ್ನು ಸವರಿ, ಹೆಬ್ಬೆರಳಿನಿಂದ ಒತ್ತಿ, ನೋವಿನ ನೆಲೆಯನ್ನು ಹುಡುಕಿ ನೀವುವ ಈ ವಿದ್ಯೆಗೆ ಗ್ರಂಥವಿಲ್ಲ. ಅದು ಕೈಯಿಂದ ಕೈಗೆ ಬಂದದ್ದು. ಬಾಣಂತಿಯ ಮನೆಯಲ್ಲಿ ಎಳೆಯ ಕೂಸಿನ ಕೈಕಾಲುಗಳಿಗೆ ಎಣ್ಣೆ ತಿಕ್ಕುವ ಮುದುಕಿಯ ವಿದ್ಯೆಯೂ ಅದೇ ಜಾತಿಯದು. ನೋವಿಗೆ ಕಾರಣವೇನೆಂದು ಕೇಳಿದರೆ “ನರದ ಮೇಲೆ ನರ ಹತ್ತಿದೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಗರಚನಾಶಾಸ್ತ್ರವನ್ನು ಓದಿದವರು ಈ ಮಾತಿಗೆ ನಗುವುದು ಸಹಜ. ಆದರೆ ಈ ಮಾತಿನ ಹಿಂದೆ ನಗುವಿಗೆ ನಿಲುಕದ ಪ್ರಶ್ನೆಯೊಂದು ಅಡಗಿದೆ. ಪೆಟ್ಟು ಬಿದ್ದ ಜಾಗ ವಾಸಿಯಾದ ಮೇಲೆಯೂ ನರವು ಆ ಪೆಟ್ಟನ್ನು ನೆನಪಿಟ್ಟುಕೊಂಡಿರಬಹುದೆ? ಕಲಿಯುವುದೂ ನೆನಪಿಡುವುದೂ ಮಿದುಳಿನ ಸೊತ್ತು ಮಾತ್ರವೆ, ಅಥವಾ ಶರೀರದ ಇತರ ನರಗಳಿಗೂ ಅದರಲ್ಲಿ ಪಾಲುಂಟೆ?

ಪಶ್ಚಿಮದಲ್ಲಿ ಈ ಪ್ರಶ್ನೆಯು ಕೈಚಿಕಿತ್ಸೆಯ ಶಾಲೆಯೊಂದರ ಬಾಗಿಲಲ್ಲೇ ಬಂದು ನಿಂತಿತು. ಅಮೆರಿಕದ ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯನು ೧೮೭೪ರಲ್ಲಿ ಆಸ್ಟಿಯೋಪತಿ ಎಂಬ ಪದ್ಧತಿಯನ್ನು ಸಾರಿ, ೧೮೯೨ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಅದಕ್ಕೊಂದು ವಿದ್ಯಾಲಯವನ್ನು ತೆರೆದನು. ಮೂಳೆ, ಕೀಲು, ಮಾಂಸಖಂಡಗಳನ್ನು ಕೈಯಿಂದಲೇ ಒತ್ತಿ ತಿರುಗಿಸಿ ದೇಹದ ಕೆಡುಕನ್ನು ನೇರ್ಪಡಿಸಬಹುದೆಂಬುದು ಆ ಪದ್ಧತಿಯ ನಂಬಿಕೆ. ನಂಬಿಕೆಗೆ ಪ್ರಮಾಣವನ್ನು ಕೇಳುವ ಕಾಲ ಬಂದಾಗ ಅದಕ್ಕೆ ಆಸರೆಯಾದದ್ದು ಬೇರೆಯೇ ಕಡೆಯ ಶೋಧನೆ. ೧೯೨೯ರಲ್ಲಿ ಇಟಲಿಯ ಡಿ ಜಾರ್ಜಿಯೋ ಎಂಬ ಸಂಶೋಧಕರು ಪ್ರಾಣಿಯ ಚಿಕ್ಕಮಿದುಳಿನ ಒಂದು ಪಾರ್ಶ್ವಕ್ಕೆ ಗಾಯ ಮಾಡಿದಾಗ ಅದರ ಹಿಂಗಾಲುಗಳ ನಿಲುವು ಎಡಬಲಗಳಲ್ಲಿ ಏರುಪೇರಾಯಿತು. ಕೂಡಲೇ ಬೆನ್ನುಹುರಿಯನ್ನು ಕತ್ತರಿಸಿ ಮಿದುಳಿನ ಸಂಬಂಧವನ್ನು ತಪ್ಪಿಸಿದರೆ ಆ ವ್ಯತ್ಯಾಸ ಅಳಿಯುತ್ತಿತ್ತು. ಸ್ವಲ್ಪ ಹೊತ್ತು ತಡೆದು ಕತ್ತರಿಸಿದರೆ ಉಳಿದುಬಿಡುತ್ತಿತ್ತು. ಆ “ಸ್ವಲ್ಪ ಹೊತ್ತು” ಇಲಿಗಳಲ್ಲಿ ಸುಮಾರು ೪೫ ನಿಮಿಷವೆಂದು ೧೯೬೩ರಲ್ಲಿ ಅಮೆರಿಕದ ಸಂಶೋಧಕರು ಗೊತ್ತುಪಡಿಸಿದರು. ಎಂದರೆ ಮಿದುಳು ಹೇಳಿದ ಪಾಠವನ್ನು ಬೆನ್ನುಹುರಿಯು ಮುಕ್ಕಾಲು ಗಂಟೆಯಲ್ಲಿ ಬಾಯಿಪಾಠ ಮಾಡಿಕೊಂಡಿತ್ತು!

ಈ ಎಳೆಯನ್ನು ಹಿಡಿದು ನಡೆದವನು ಮೈಕಲ್ ಪ್ಯಾಟರ್ಸನ್. ಮಿದುಳಿನ ಸಂಬಂಧ ಕಡಿದ ಬೆಕ್ಕಿನ ಬೆನ್ನುಹುರಿಯೂ ಪಾವ್ಲೋವನ ನಾಯಿಗಳಂತೆ ಸಂಕೇತವನ್ನು ಕಲಿಯಬಲ್ಲುದೆ ಎಂಬುದನ್ನು ರಿಚರ್ಡ್ ಥಾಂಪ್ಸನ್ ಮೊದಲಾದವರೊಡನೆ ಪರೀಕ್ಷಿಸಿ, ೧೯೭೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದವರಲ್ಲಿ ಆತನೂ ಒಬ್ಬ. ಮುಂದೆ ಓಹಿಯೋ ವಿಶ್ವವಿದ್ಯಾನಿಲಯದ ಆಸ್ಟಿಯೋಪತಿ ಕಾಲೇಜಿನಲ್ಲಿ ಕೆಲಸಕ್ಕೆ ನಿಂತು, ಕಲಿಕೆಯ ಶಾಸ್ತ್ರವನ್ನು ಕೈಚಿಕಿತ್ಸೆಯ ಪ್ರಶ್ನೆಗೆ ಜೋಡಿಸಿದನು. ಬೆನ್ನುಹುರಿಗೆ ನೆನಪುಂಟೆಂದು ತೋರಿಸಿದ ಮಾತ್ರಕ್ಕೆ ಬೆನ್ನನ್ನು ನೀವಿದರೆ ಆ ನೆನಪು ಅಳಿಯುತ್ತದೆಂದು ಸಿದ್ಧವಾಗುವುದಿಲ್ಲ. ಇವೆರಡರ ನಡುವಣ ಕಂದಕವನ್ನು ಉತ್ಸಾಹಿಗಳು ಹಲವು ಬಾರಿ ಕಾಣದೆ ಹಾರಿದ್ದಾರೆ.

ನಮ್ಮ ನಾಡಿನಲ್ಲಿ ಕಲಿಕೆಯ ಶಾಸ್ತ್ರವು ಕೈಚಿಕಿತ್ಸೆಯನ್ನಲ್ಲ, ಯೋಗವನ್ನು ಸಂಧಿಸಿತು. ಪ್ರಶ್ನೆ ಮಾತ್ರ ಹತ್ತಿರದ್ದೇ. ಈ ಸೀಮೆಯೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ೧೯೨೪ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಅದರ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಅಭ್ಯಾಸ ಮಾಡಿ, ಕೈಕೆಲಸದ ಕಲಿಕೆಯಲ್ಲಿ ಬುದ್ಧಿಯ ಪಾಲೆಷ್ಟೆಂಬುದರ ಮೇಲೆ ಬ್ರಿಟಿಷ್ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅದೇ ವರ್ಷ ಲೇಖನ ಬರೆದವರು. ವಾಚಕರು ಅವರನ್ನು ಬಲ್ಲುದು ಬೇರೊಂದು ಕಾರಣಕ್ಕಾಗಿ: ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿ, ‘ಆಕಾಶವಾಣಿ’ ಎಂಬ ಹೆಸರು ರೂಢಿಗೆ ಬರುವಂತೆ ಮಾಡಿದವರು ಅವರೇ. ಹೆಸರು ದೇಶವನ್ನೆಲ್ಲ ವ್ಯಾಪಿಸಿತು. ಪ್ರಯೋಗಶಾಲೆಯನ್ನು ನೆನೆಯುವವರು ವಿರಳ. ಅದೇ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯೂ ನಡೆಯುತ್ತಿತ್ತು. ಒಂದೇ ಊರಿನ ಆ ಎರಡು ಶಾಲೆಗಳ ವಿದ್ಯೆ ಒಂದೇ ಮೇಜಿನ ಮೇಲೆ ಕೂಡಲು ಇನ್ನೂ ಬಹುಕಾಲ ಬೇಕಾಗಿತ್ತು.

ಯೋಗಿಗಳು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲರೆಂಬ ಪ್ರತೀತಿಯನ್ನು ಪರೀಕ್ಷಿಸಲು ೧೯೩೫ರಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ ಭಾರತಕ್ಕೆ ಬಂದರು. ಈ ಪ್ರತೀತಿಗೆ ಉತ್ತರ ದೊರೆತದ್ದು ೧೯೬೧ರಲ್ಲಿ. ವೆಂಗರ್, ಬಾಗ್ಚಿ, ದೆಹಲಿಯ ಬಿ. ಕೆ. ಆನಂದ್ ಈ ಮೂವರೂ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಉಸಿರು ಕಟ್ಟಿ ಎದೆಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿದಾಗ ನಾಡಿ ಕೈಗೆ ಸಿಕ್ಕದಷ್ಟು ಕ್ಷೀಣವಾಗುತ್ತಿತ್ತು. ಆದರೆ ಹೃದಯದ ವಿದ್ಯುಲ್ಲೇಖವು ಬಡಿತ ನಿಂತಿಲ್ಲವೆಂದು ತೋರಿಸುತ್ತಿತ್ತು. ನಾಡಿ ಹಿಡಿದವನ ಬೆರಳು ಮೋಸಹೋಗಿತ್ತು, ಸೂಜಿ ಮೋಸಹೋಗಲಿಲ್ಲ.

ಆ ಆನಂದರೊಡನೆ ದೆಹಲಿಯಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರು ತುರಗ ದೇಶಿರಾಜು. ಹಸಿವನ್ನು ಎಚ್ಚರಿಸುವ ಮಿದುಳಿನ ಕೇಂದ್ರದಲ್ಲಿ ಒಂದೊಂದೇ ನರಕೋಶದ ಚಟುವಟಿಕೆಯನ್ನು ದಾಖಲಿಸಿದ ಲೇಖನವೊಂದನ್ನು ಅವರು ಆನಂದರೊಡಗೂಡಿ ೧೯೬೮ರಲ್ಲಿ ಪ್ರಕಟಿಸಿದರು. ಅನಂತರ ಪುರ್ಪುರಾ ಎಂಬ ಪ್ರಸಿದ್ಧ ನರವಿಜ್ಞಾನಿಯೊಡನೆ ಮಿದುಳಿನ ಒಳಗಡೆಯ ‘ಥಲಾಮಸ್’ ಎಂಬ ಸಂದೇಶಗಳ ಕೂಡುದಾಣವನ್ನು ಶೋಧಿಸಿದರು. ಕೊನೆಗೆ ನೆಲೆನಿಂತದ್ದು ಬೆಂಗಳೂರಿನಲ್ಲಿ. ಹೊಸೂರು ರಸ್ತೆಯ ಆ ಸಂಸ್ಥೆಯನ್ನು ನಮ್ಮ ಜಿಲ್ಲೆಯ ಮನೆಗಳು ನಿಮ್ಹಾನ್ಸ್ ಎಂದು ಬಲ್ಲವು. ತಲೆಗೆ ಪೆಟ್ಟಾದವರನ್ನೂ ಮೂರ್ಛೆರೋಗದವರನ್ನೂ ಕರೆದುಕೊಂಡು ಹೋಗುವ ಸ್ಥಳವದು. ಮೈಸೂರು ಸರ್ಕಾರವು ೧೯೨೫ರಲ್ಲಿ ‘ಹುಚ್ಚಾಸ್ಪತ್ರೆ’ಯೆಂಬ ಹೆಸರನ್ನು ತೊಡೆದು ‘ಮಾನಸಿಕ ಆಸ್ಪತ್ರೆ’ಯೆಂದು ಕರೆದದ್ದೂ, ೧೯೫೪ರಲ್ಲಿ ಅದರ ಜೊತೆಗೆ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿದ್ದೂ, ೧೯೭೪ರಲ್ಲಿ ಎರಡೂ ಒಂದಾದದ್ದೂ ಅದರ ಪೂರ್ವಚರಿತ್ರೆ. ಅಲ್ಲಿನ ನರಶರೀರಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ದೇಶಿರಾಜು ಅವರಿಗೆ ೧೯೮೦ರಲ್ಲಿ ವೈದ್ಯವಿಜ್ಞಾನಕ್ಕಾಗಿ ಭಟ್ನಾಗರ್ ಪ್ರಶಸ್ತಿ ಸಂದಿತು.

ಅವರ ವಿಭಾಗದಲ್ಲಿ ಒಂದು ಕಡೆ ಇಲಿಗಳು, ಇನ್ನೊಂದು ಕಡೆ ಯೋಗಾಭ್ಯಾಸಿಗಳು. ಈ ನೆರೆಹೊರೆಯೇ ಇಲ್ಲಿ ವಿಶೇಷವಾಗಿ ಗಮನಿಸತಕ್ಕುದು.

ಇಲಿಗಳ ಕಥೆ ಹೀಗಿದೆ. ಮಿದುಳಿನ ಕೆಲವು ನೆಲೆಗಳಲ್ಲಿ ಸೂಕ್ಷ್ಮವಾದ ತಂತಿಯನ್ನಿಟ್ಟು, ಸನ್ನೆಯನ್ನು ಒತ್ತಿದರೆ ಅಲ್ಲಿ ಕಿಂಚಿತ್ ವಿದ್ಯುತ್ತು ಹರಿಯುವಂತೆ ಮಾಡಿದರೆ, ಇಲಿಯು ತಾನಾಗಿಯೇ ಮತ್ತೆ ಮತ್ತೆ ಆ ಸನ್ನೆಯನ್ನು ಒತ್ತುತ್ತದೆ. ಇದನ್ನು ೧೯೫೪ರಲ್ಲಿ ಕೆನಡಾದಲ್ಲಿ ಓಲ್ಡ್ಸ್, ಮಿಲ್ನರ್ ಎಂಬಿಬ್ಬರು ಕಂಡುಹಿಡಿದಿದ್ದರು. ಇಲಿಗೆ ಅದೊಂದು ಸುಖ. ಈ ಸುಖಾನುಭವವು ಮಿದುಳಿನ ಕಟ್ಟಡದ ಮೇಲೆಯೇ ಗುರುತನ್ನು ಬಿಡುತ್ತದೆಯೆ ಎಂದು ಬೆಂಗಳೂರಿನವರು ಕೇಳಿದರು. ದಿನಕ್ಕೊಂದು ಗಂಟೆಯಂತೆ ಹತ್ತು ದಿನ ಇಲಿಗಳಿಗೆ ಈ ಅವಕಾಶವನ್ನು ಕೊಟ್ಟು, ಆಮೇಲೆ ಅವುಗಳ ಮಿದುಳಿಗೆ ಗಾಲ್ಜಿಯ ಬಣ್ಣವನ್ನೇರಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನೆನಪಿಗೆ ಮುಖ್ಯವೆನಿಸಿದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿಯೂ ಚಲನೆಯನ್ನಾಳುವ ಹೊರಪದರದಲ್ಲಿಯೂ ನರಕೋಶಗಳ ಕವಲುಗಳು, ತಂತಿಯಿಟ್ಟಿದ್ದರೂ ಸುಖವನ್ನುಣ್ಣದ ಇಲಿಗಳಿಗಿಂತ, ಹೆಚ್ಚು ಹರಡಿದ್ದುವು. ಮಳೆಯಾದ ಮೇಲಿನ ಹುಣಿಸೆಯ ಮರದಂತೆ ಎನ್ನಬಹುದು. ಶಂಕರನಾರಾಯಣ ರಾವ್, ದೇಶಿರಾಜು, ಟಿ. ಆರ್. ರಾಜು ಇವರ ಈ ಲೇಖನ ೧೯೯೩ರಲ್ಲಿ ಪ್ರಕಟವಾಯಿತು. ಪ್ರಾಯಕ್ಕೆ ಬಂದ ಮಿದುಳು ಇನ್ನು ಬದಲಾಗದೆಂಬ ಹಳೆಯ ಮಾತನ್ನು ಅಲುಗಿಸಿದ ಹಲವು ಶೋಧನೆಗಳ ಸಾಲಿಗೆ ಇದೂ ಸೇರತಕ್ಕುದು.

ಇನ್ನು ಯೋಗಾಭ್ಯಾಸಿಗಳ ಕಡೆ. ಪ್ರಾಣಾಯಾಮದಿಂದ ದೇಹವು ಶಾಂತವಾಗುತ್ತದೆ, ಪ್ರಾಣವಾಯುವಿನ ವೆಚ್ಚ ತಗ್ಗುತ್ತದೆ ಎಂಬುದು ಸಾಮಾನ್ಯವಾದ ನಂಬಿಕೆ. ಶರ್ಲಿ ಟೆಲ್ಲಿಸ್ ಮತ್ತು ದೇಶಿರಾಜು ಇದನ್ನು ಅಳೆದು ೧೯೯೧ರಲ್ಲಿ ಪ್ರಕಟಿಸಿದರು. ಬಹಳ ನಿಧಾನವಾದ ಉಜ್ಜಾಯಿ ಉಸಿರಾಟದಲ್ಲಿ, ಪ್ರತಿಯೊಂದು ಉಸಿರಿನ ಐದರಲ್ಲೊಂದು ಪಾಲಿನಷ್ಟು ಹೊತ್ತು ಕುಂಭಕವನ್ನು ಹಿಡಿದಾಗ ಆಮ್ಲಜನಕದ ವೆಚ್ಚವು ನೂರಕ್ಕೆ ೫೨ರಷ್ಟು ಏರಿತು. ಅರ್ಧದಷ್ಟು ಹೊತ್ತು ಹಿಡಿದಾಗ ನೂರಕ್ಕೆ ೧೯ರಷ್ಟು ಇಳಿಯಿತು. ಹೆಸರು ಒಂದೇ, ಮೂಗು ಒಂದೇ, ಫಲ ಮಾತ್ರ ತದ್ವಿರುದ್ಧ! ಕುಂಭಕದ ಮಾತ್ರೆಗಳನ್ನು ಎಣಿಸಿ ಹಿಡಿಯಬೇಕೆಂದು ಹಳೆಯ ಯೋಗಗ್ರಂಥಗಳು ಹಟ ಹಿಡಿದದ್ದೇಕೆಂಬುದು ಇದನ್ನೋದಿದವರಿಗೆ ಹೊಳೆಯದಿರದು. “ಪ್ರಾಣಾಯಾಮ ಒಳ್ಳೆಯದು” ಎಂದು ಹೇಳಿ ಎಣಿಕೆಯನ್ನು ಮಾತ್ರ ಹೇಳಿಕೊಡದ ಉಪದೇಶಕರಿಗೆ ಇದು ಅಷ್ಟೇನೂ ಹಿತವಾದ ಫಲಿತಾಂಶವಲ್ಲ.

೧೯೯೩ರಲ್ಲಿ ಅದೇ ಇಬ್ಬರು ರಾಜಯೋಗ ಧ್ಯಾನವನ್ನು ಕುರಿತು ಇನ್ನೊಂದು ಲೇಖನವನ್ನು ಪ್ರಕಟಿಸಿದರು. ಧ್ಯಾನಸ್ಥರ ಹೃದಯದ ಬಡಿತ ಇಳಿಯಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಇಡಿಯ ಗುಂಪಿನ ಲೆಕ್ಕದಲ್ಲಿ ಅದು ಏರಿತ್ತು. ಉಸಿರಿನ ವೇಗ, ಅಂಗೈಯ ಚರ್ಮದ ವಿದ್ಯುತ್‌ಲಕ್ಷಣ ಇವುಗಳಲ್ಲಿ ಗಣನೀಯವಾದ ಬದಲಾವಣೆಯಿರಲಿಲ್ಲ. ಧ್ಯಾನವೆಂದರೆ ನಿದ್ರೆಯಂಥ ಮಂದತೆಯೆಂದು ತಿಳಿದವರಿಗೂ, ಸಕಲ ನರಗಳನ್ನೂ ಒಮ್ಮೆಲೇ ತಣಿಸುವ ಔಷಧವೆಂದು ತಿಳಿದವರಿಗೂ ಈ ಅಂಕಗಳು ಸಮನಾಗಿ ಎದುರು ನಿಂತುವು. ಯೋಗದ ಹೆಸರಿನಲ್ಲಿ ನಡೆದ ಸಂಶೋಧನೆಯು ಯೋಗದ ಪಕ್ಷಪಾತಿಗಳಿಗೆ ಬೇಕಾದುದನ್ನೇ ಹೇಳಬೇಕೆಂಬ ಹಂಗು ದೇಶಿರಾಜು ಅವರಿಗಿರಲಿಲ್ಲ. ಹಾಗೆಂದು ಅದೆಲ್ಲ ಅಜ್ಜಿಯ ಕಥೆಯೆಂದು ತಳ್ಳಿಹಾಕುವ ಅವಸರವೂ ಇರಲಿಲ್ಲ. ಒಂದೇ ನರಕೋಶದ ಮಿಡಿತವನ್ನು ಕೇಳಿ ಪಳಗಿದ ಕಿವಿಗೆ ಕಾಯುವ ಅಭ್ಯಾಸವಿರುತ್ತದೆ.

ಇಲಿಗಳ ಕೆಲಸವು ಅವರೊಡನೆ ದುಡಿದವರ ಕೈಯಲ್ಲಿ ಮುಂದುವರಿಯಿತು. ಕವಲೊಡೆದ ಮಿದುಳಿನ ಇಲಿಯು ಕಲಿಯುವುದರಲ್ಲಿಯೂ ಮುಂದೆಯೆ? ಈ ಪ್ರಶ್ನೆಗೆ ೧೯೯೮ರಲ್ಲಿ ಉತ್ತರ ದೊರೆಯಿತು: ಆ ಅನುಭವವನ್ನು ಪಡೆದಿದ್ದ ಇಲಿಗಳು ಸನ್ನೆಯೊತ್ತುವ ಪಾಠವನ್ನೂ ದಾರಿ ನೆನಪಿಡುವ ಪಾಠವನ್ನೂ ಇತರ ಇಲಿಗಳಿಗಿಂತ ಬೇಗ ಕಲಿತುವು. ಉಳುಕು ತೆಗೆಯುವವರ ಹೆಬ್ಬೆರಳಿನ ಅಡಿಯಲ್ಲಿ ಬೆನ್ನುಹುರಿಗೆ ಏನಾಗುತ್ತದೆಂಬುದಕ್ಕೆ ಈ ಇಲಿಗಳೂ ಉತ್ತರ ಹೇಳಲಾರವು. ಅದಕ್ಕೆ ಬೇರೆಯೇ ಪ್ರಯೋಗ ಬೇಕು; ಅದರಲ್ಲಿ ಎಣ್ಣೆಯ ಬಿಸಿಗೂ ಒತ್ತುವ ಬಲಕ್ಕೂ ಕುಂಭಕಕ್ಕೆ ಸಂದಂಥ ಅಳತೆ ಸಲ್ಲಬೇಕು.