ಉಪಾಧ್ಯಾಯ ಓಮ್

ವಿದ್ಯುದ್ದೀಪದ ಗುಂಡಿಯನ್ನು ಒತ್ತುವ ಪ್ರತಿಯೊಬ್ಬರೂ ತಿಳಿದೋ ತಿಳಿಯದೆಯೋ ಒಂದು ನಿಯಮದ ಆಶ್ರಯದಲ್ಲಿರುವರು. ತಂತಿಯಲ್ಲಿ ಹರಿಯುವ ವಿದ್ಯುತ್ಪ್ರವಾಹವು ಅದನ್ನು ನೂಕುವ ಒತ್ತಡ ಹೆಚ್ಚಿದಷ್ಟೂ ಹೆಚ್ಚುತ್ತದೆ, ತಂತಿಯು ಒಡ್ಡುವ ತಡೆ ಹೆಚ್ಚಿದಷ್ಟೂ ಕುಗ್ಗುತ್ತದೆ ಎಂಬುದೇ ಆ ನಿಯಮ. ಪ್ರೌಢಶಾಲೆಯ ಬಾಲಕನು ಒಂದು ಗಂಟೆಯ ಪಾಠದಲ್ಲಿ ಇದನ್ನು ಕಲಿತುಬಿಡುವನು. ಆದರೆ ಇದನ್ನು ಕಂಡುಹಿಡಿದ ಜಾರ್ಜ್ ಸೈಮನ್ ಓಮನು, ಇದರ ಬಲದಿಂದ ತನಗೊಂದು ವಿಶ್ವವಿದ್ಯಾನಿಲಯದ ಪೀಠವು ದೊರೆಯುವುದೆಂದು ನಂಬಿ, ಇಪ್ಪತ್ತೈದು ವರ್ಷ ಕಾಯಬೇಕಾಯಿತು. ಆ ನಿರೀಕ್ಷೆಯ ಕಥೆಯನ್ನೇ ನಾವು ಈಗ ಹೇಳಬೇಕೆಂದಿರುವುದು.

ಓಮನು 1789ನೆಯ ಇಸವಿ ಮಾರ್ಚಿ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಬೀಗಗಳನ್ನು ಮಾಡುವ ಕುಶಲಕರ್ಮಿ. ಆತನು ಸ್ವಂತ ಪರಿಶ್ರಮದಿಂದಲೇ ಗಣಿತವನ್ನೂ ವಿಜ್ಞಾನವನ್ನೂ ಅಭ್ಯಾಸಮಾಡಿದವನು. ತನ್ನ ಇಬ್ಬರು ಗಂಡುಮಕ್ಕಳಿಗೂ ತಾನೇ ಪಾಠ ಹೇಳಿದನು. ಕಿರಿಯನಾದ ಮಾರ್ಟಿನನು ಮುಂದೆ ಗಣಿತಶಾಸ್ತ್ರಜ್ಞನಾದನು. ಹಿರಿಯನು 1805ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನಷ್ಟೆ. ಅಲ್ಲಿ ನೃತ್ಯ, ಬಿಲಿಯರ್ಡ್ಸ್, ಹಿಮದ ಮೇಲೆ ಜಾರುವ ಆಟ ಇವುಗಳಲ್ಲಿಯೇ ಕಾಲ ಕಳೆಯುತ್ತಿರುವನೆಂದು ತಂದೆಗೆ ಸಿಟ್ಟು ಬಂದಿತು. ಮೂರು ಷಾಣ್ಮಾಸಗಳಲ್ಲಿಯೇ ಓದು ನಿಂತು, 1806ರಲ್ಲಿ, ಹದಿನೇಳರ ತರುಣನು ಸ್ವಿಟ್ಜರ್ಲೆಂಡಿನ ಒಂದು ಶಾಲೆಯಲ್ಲಿ ಗಣಿತವನ್ನು ಬೋಧಿಸಲು ಹೋಗಬೇಕಾಯಿತು. ಹೀಗೆ ತಂದೆಯು ವಿಧಿಸಿದ ಶಿಕ್ಷೆಯೇ ಮಗನನ್ನು ಶಿಕ್ಷಕನನ್ನಾಗಿ ಮಾಡಿತು.

ಅಲ್ಲಿಂದ ಮುಂದೆ ಆತನ ಬಾಳು ಶಾಲೆಯಿಂದ ಶಾಲೆಗೆ ಸಾಗಿತು. 1811ರಲ್ಲಿ ಎರ್ಲಾಂಗೆನ್ನಿಗೆ ಹಿಂದಿರುಗಿ ಡಾಕ್ಟರ್ ಪದವಿಯನ್ನು ಪಡೆದನು. ಅಲ್ಲಿಯೇ ಮೂರು ಷಾಣ್ಮಾಸಗಳ ಕಾಲ ಪಾಠ ಹೇಳಿದರೂ ಬಡತನ ನೀಗಲಿಲ್ಲ. 1813ರಲ್ಲಿ ಬಾಂಬೆರ್ಗಿನ ಒಂದು ಸಾಮಾನ್ಯ ಶಾಲೆಯನ್ನು ಸೇರಿದನು, ಅದೂ ಮುಚ್ಚಿಹೋಯಿತು. 1817ರಲ್ಲಿ ರೇಖಾಗಣಿತದ ಬೋಧನೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಅದೇ ವರ್ಷ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಉಪಾಧ್ಯಾಯನಾಗಿ ನಿಯಮಿತನಾದನು. ಈ ಶಾಲೆಯಲ್ಲಿ ಒಳ್ಳೆಯ ಪ್ರಯೋಗಶಾಲೆಯಿತ್ತು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ವಿದ್ಯುತ್ಪ್ರವಾಹವು ಕಾಂತಸೂಜಿಯನ್ನು ತಿರುಗಿಸುವುದೆಂದು ತೋರಿಸಿದ ತರುವಾಯ, ಓಮನು ಪಾಠದ ಹೊತ್ತು ಮುಗಿದ ಮೇಲೆ ಅದೇ ಪ್ರಯೋಗಶಾಲೆಯಲ್ಲಿ ಕುಳಿತನು.

ಆತನು ಹಿಡಿದ ಪ್ರಶ್ನೆ ಸರಳವಾದುದು. ತಂತಿಯ ಉದ್ದವು ಹೆಚ್ಚಿದಂತೆ ಪ್ರವಾಹವು ಯಾವ ಲೆಕ್ಕದಲ್ಲಿ ಕುಗ್ಗುವುದು? 1825ರಲ್ಲಿ ಆತನು ಪ್ರಕಟಿಸಿದ ಮೊದಲ ಸೂತ್ರವು ತಪ್ಪಾಗಿತ್ತು. ಕಾರಣವೇನೆಂದರೆ, ಆಗಿನ ವಿದ್ಯುತ್ಕೋಶಗಳ ಬಲವು ಪ್ರಯೋಗವು ನಡೆಯುತ್ತಿರುವಾಗಲೇ ಏರಿಳಿಯುತ್ತಿತ್ತು. ಅಳತೆಗೋಲೇ ಕುಗ್ಗಿ ಹಿಗ್ಗುತ್ತಿದ್ದರೆ ಬಟ್ಟೆಯನ್ನು ಅಳೆಯುವುದು ಹೇಗೆ? ಪತ್ರಿಕಾ ಸಂಪಾದಕನಾದ ಪಾಗೆಂಡಾರ್ಫನು ಒಂದು ಉಪಾಯವನ್ನು ಸೂಚಿಸಿದನು. ಎರಡು ಲೋಹಗಳನ್ನು ಬೆಸೆದು, ಒಂದು ಸಂಧಿಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇರಿಸಿದರೆ ಪ್ರವಾಹವು ಹುಟ್ಟುವುದೆಂದು ಸೀಬೆಕ್ ಎಂಬಾತನು 1821ರಲ್ಲಿಯೇ ಕಂಡಿದ್ದನು. ಓಮನು ಬಿಸ್ಮತ್ ಮತ್ತು ತಾಮ್ರಗಳನ್ನು ಕೂಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಕರಗುವ ಮಂಜಿನಲ್ಲಿಯೂ ಇಟ್ಟನು. ಈ ಎರಡರ ಉಷ್ಣತೆಯೂ ಬದಲಾಗುವುದಿಲ್ಲ. ಆದುದರಿಂದ ವಿದ್ಯುತ್ತಿನ ಒತ್ತಡವೂ ಬದಲಾಗುವುದಿಲ್ಲ.

1826ರ ಜನವರಿಯಲ್ಲಿ, 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯನ್ನು ಮೊದಲಿನ ಸ್ಥಾನಕ್ಕೆ ತರಲು ಎಷ್ಟು ತಿರುಚಬೇಕಾಗುವುದೆಂದು ಅಳೆದನು. ಲೆಕ್ಕವು ಕೂಡಿಬಂದಿತು. ತಂತಿಯ ಉದ್ದಕ್ಕೆ ಮಂಡಲದ ಉಳಿದ ಭಾಗದ ತಡೆಯನ್ನು ಸೂಚಿಸುವ ಒಂದು ಸ್ಥಿರಸಂಖ್ಯೆಯನ್ನು ಕೂಡಿಸಿ, ಆ ಮೊತ್ತದಿಂದ ಒತ್ತಡವನ್ನು ಭಾಗಿಸಿದರೆ ಪ್ರವಾಹವು ಬರುವುದು. ತನ್ನ ಹಿಂದಿನ ಸೂತ್ರವನ್ನು ಓಮನು ತಾನೇ ಹೀಗೆ ತಿದ್ದಿಕೊಂಡನು.

ಬಳಿಕ ಅರ್ಧ ಸಂಬಳದ ಮೇಲೆ ಒಂದು ವರ್ಷದ ರಜೆಯನ್ನು ಪಡೆದು ಬರ್ಲಿನ್ನಿಗೆ ಹೋಗಿ, 1827ರಲ್ಲಿ ವಿದ್ಯುನ್ಮಂಡಲದ ಗಣಿತನಿರೂಪಣೆಯೆಂಬ ತನ್ನ ಮುಖ್ಯಗ್ರಂಥವನ್ನು ಪ್ರಕಟಿಸಿದನು. ಫ್ರಾನ್ಸಿನ ಫೋರಿಯೇ ಉಷ್ಣದ ಹರಿವನ್ನು ಗಣಿತಕ್ಕೆ ಅಳವಡಿಸಿದಂತೆ ಓಮನು ವಿದ್ಯುತ್ತಿನ ಹರಿವನ್ನು ಅಳವಡಿಸಿದ್ದನು. ಆದರೆ ಆಗಿನ ಜರ್ಮನಿಯ ಭೌತಶಾಸ್ತ್ರಜ್ಞರಲ್ಲಿ ಅನೇಕರಿಗೆ ಇಂಥ ಗಣಿತದ ಬಳಕೆಯಿರಲಿಲ್ಲ. ಬರ್ಲಿನ್ನಿನ ಪೋಲ್ ಎಂಬ ವಿದ್ವಾಂಸನು ಗ್ರಂಥವನ್ನು ಕಟುವಾಗಿ ಖಂಡಿಸಿದನು. ಬಯಸಿದ ಪೀಠವು ದೊರೆಯದಿರಲು ಮನನೊಂದು, ಓಮನು 1828ರಲ್ಲಿ ಕೊಲೋನಿನ ಕೆಲಸಕ್ಕೂ ರಾಜೀನಾಮೆಯಿತ್ತನು. ಪ್ರಯೋಗಶಾಲೆ ಹೋಯಿತು, ನೆಮ್ಮದಿಯ ಸಂಬಳವೂ ಹೋಯಿತು. ಐದು ವರ್ಷ ಬರ್ಲಿನ್ನಿನಲ್ಲಿ ಬಿಡಿಪಾಠಗಳಿಂದ ಜೀವಿಸಿ, 1833ರಲ್ಲಿ ನ್ಯೂರೆಂಬರ್ಗಿನ ಕೈಗಾರಿಕಾ ವಿದ್ಯಾಶಾಲೆಯಲ್ಲಿ ಪ್ರಾಧ್ಯಾಪಕನಾದನು.

ಲೋಕವೆಲ್ಲವೂ ಓಮನಿಗೆ ವಿಮುಖವಾಗಿತ್ತೆಂದು ಹೇಳುವುದು ವಾಡಿಕೆ. ಇದು ಪೂರ್ಣ ಸತ್ಯವಲ್ಲವೆಂದು ನಮಗೆ ತೋರುತ್ತದೆ. ಲೈಪ್ಜಿಗ್ಗಿನ ಫೆಕ್ನರನು 1831ರಲ್ಲಿಯೇ ತನ್ನ ಪ್ರಯೋಗಗಳಿಂದ ಈ ನಿಯಮವನ್ನು ಸಮರ್ಥಿಸಿದನು. ರಷ್ಯದಲ್ಲಿ ಲೆಂಜನು ಇದನ್ನು ಕೆಲಸಕ್ಕೆ ಬಳಸಿಕೊಂಡನು. ಅಳೆಯಲು ಕುಳಿತವರು ಬೇಗನೆ ಒಪ್ಪಿದರು. ಪೀಠಗಳನ್ನು ಹಂಚುವವರು ಒಪ್ಪಲು ತಡಮಾಡಿದರು. ವಿದ್ವತ್ತಿನ ಮನ್ನಣೆಯೂ ಉದ್ಯೋಗದ ಮನ್ನಣೆಯೂ ಒಂದೇ ಗಾಡಿಯಲ್ಲಿ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಮೊದಲ ದೊಡ್ಡ ಗೌರವವು ಪರದೇಶದಿಂದ ಬಂದಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಆತನಿಗೆ ಕಾಪ್ಲೇ ಪದಕವನ್ನು ಕೊಟ್ಟಿತು. ಆಗ ತಂತಿವಾರ್ತೆಯ ಯುಗವು ಆರಂಭವಾಗಿತ್ತು. ಮೈಲಿಗಟ್ಟಲೆ ತಂತಿಯನ್ನು ಎಳೆಯುವವರಿಗೆ ತಡೆಯ ಲೆಕ್ಕವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. 1843ರಲ್ಲಿ ಇಂಗ್ಲೆಂಡಿನ ವೀಟ್‌ಸ್ಟನ್ ತನ್ನ ಅಳತೆಯ ಉಪಕರಣಗಳನ್ನು ವರ್ಣಿಸುವಾಗ ಓಮನ ನಿಯಮವನ್ನೇ ಆಧಾರವಾಗಿಟ್ಟುಕೊಂಡನು. 1849ರಲ್ಲಿ ಓಮನಿಗೆ ಮ್ಯೂನಿಕ್ಕಿನಿಂದ ಕರೆ ಬಂದಿತು. ಪೂರ್ಣ ಪ್ರಾಧ್ಯಾಪಕಪೀಠವು 1852ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಕೈಗೂಡಿತು. 1854ರ ಜುಲೈ 6ರಂದು ಆತನು ಕಾಲವಾದನು. ಪೀಠದ ಭಾಗ್ಯವು ಎರಡೇ ವರ್ಷದ್ದು.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ತಜ್ಞರ ಅಂತರರಾಷ್ಟ್ರೀಯ ಸಮ್ಮೇಲನವು ತಡೆಯ ಮಾನಕ್ಕೆ ‘ಓಮ್’ ಎಂಬ ಹೆಸರನ್ನು ಸ್ಥಿರಪಡಿಸಿತು. ಬಾಳಿನುದ್ದಕ್ಕೂ ತಡೆಗಳನ್ನು ಎದುರಿಸಿದವನ ಹೆಸರು ತಡೆಯ ಅಳತೆಗೇ ನಿಂತುದು ಆಕಸ್ಮಿಕವಾದರೂ ಉಚಿತವಾಗಿದೆ. ಆದರೆ ಪಾಠ ಹೇಳುವುದೇ ವೃತ್ತಿಯಾಗಿರುವ ನಮ್ಮಂಥವರ ಮನಸ್ಸು ಈ ಕೀರ್ತಿಗಿಂತ ಕೊಲೋನಿನ ಆ ಎಂಟು ತಂತಿಗಳ ಕಡೆಗೇ ತಿರುಗುತ್ತದೆ. ಓಮನ ಅತ್ಯುತ್ತಮ ಕೆಲಸವು ನಡೆದುದು ಬಯಸಿದ ಪೀಠದಲ್ಲಲ್ಲ, ಒಂದು ಪ್ರೌಢಶಾಲೆಯಲ್ಲಿ. ಆ ಶಾಲೆಯು ತನ್ನ ಉಪಾಧ್ಯಾಯನಿಗೆ ಕೊಟ್ಟುದು ಇಷ್ಟೆ: ಕೆಲವು ಉಪಕರಣಗಳು, ಒಂದು ಕೊಠಡಿ, ಒಂದು ವರ್ಷದ ಬಿಡುವು. ಯಾವ ನಾಡಿಗಾದರೂ ತನ್ನ ಶಾಲೆಗಳಿಗೆ ಇಷ್ಟನ್ನು ಕೊಡುವುದು ಅಸಾಧ್ಯವೆ? ಫಲವನ್ನು ಮಾತ್ರ ಮುಂದಾಗಿ ಅಳೆಯಲಾಗದು.